ನಾಯಕಿಯ ಓಸಿಡಿಯನ್ನು 22ನೇ ಕಂತಿನಲ್ಲಿ ಪ್ರೀತಿಯಿಂದ ವಾಸಿ ಮಾಡಿಬಿಟ್ಟೆ. ಹೇಗೆ ತಿದ್ದಲಿ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಒಂದು ಪ್ರೇಮಕಥೆಯನ್ನು ಕಂತು ಕಂತಾಗಿ ಬರೆಯುತ್ತಿದ್ದೇನೆ. ನಾಯಕಿ ಚಾರು, ಸಾಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ನಾಯಕ ಪ್ರಣವ್, ಅದೇ ಊರಿನ ಪಶುವೈದ್ಯ. ಚಾರುಗೆ ಓಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ. ನೋಟು ಎಣಿಸಿದ ಮೇಲೆ ಕೈ ತೊಳೆಯುತ್ತಾಳೆ. ಟೇಬಲ್ ಮೇಲಿನ ಪೆನ್ನುಗಳನ್ನು ಬಣ್ಣ ನೋಡಿ ಜೋಡಿಸುತ್ತಾಳೆ. ಪ್ರಣವ್ ಬೇಕಂತಲೇ ಅದನ್ನು ಕೆಡಿಸುತ್ತಾನೆ, ಅವಳು ಮುನಿಸಿಕೊಳ್ಳುತ್ತಾಳೆ. ಓದುಗರಿಗೆ ಈ ಜಗಳ ತುಂಬಾ ಹಿಡಿಸಿತ್ತು.

22ನೇ ಕಂತಿನಲ್ಲಿ ಮಳೆ, ಕೆಸರು, ಕರು ಹಾಕಲು ಒದ್ದಾಡುತ್ತಿರುವ ಹಸು. ಕರು ಹೊರಗೆ ಬಂದ ಮೇಲೆ ಪ್ರಣವ್ ಅದೇ ಕೈಯನ್ನು ಚಾಚುತ್ತಾನೆ. ಚಾರು ಒಂದು ಗಳಿಗೆ ತಡೆದು ಹಿಡಿದುಕೊಳ್ಳುತ್ತಾಳೆ. ಅವತ್ತಿನಿಂದ ಅವಳಿಗೆ ಕೈ ತೊಳೆಯಬೇಕು ಅನ್ನಿಸುವುದೇ ಇಲ್ಲ.

ಆ ಕಂತಿನ ಕೆಳಗೆ ಒಬ್ಬ ಓದುಗರು ಹೀಗೆ ಬರೆದರು: "ನನ್ನ ತಂಗಿಗೆ ಇದೇ ಕಾಯಿಲೆ. ನಿಮ್ಮ ಕಥೆ ಓದಿ ಅತ್ತಳು. ನನ್ನನ್ನು ಯಾರೂ ಅಷ್ಟು ಪ್ರೀತಿಸಿಲ್ಲ, ಅದಕ್ಕೇ ನನಗೆ ವಾಸಿ ಆಗಿಲ್ವಾ ಅಕ್ಕಾ ಅಂತ ಕೇಳಿದಳು."

ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಆ ಕಂತನ್ನು ತೆಗೆದುಬಿಟ್ಟಿದ್ದೇನೆ. ಮೊದಲಿಂದ ಮತ್ತೆ ಬರೆಯುವುದಕ್ಕೂ ತಯಾರಿದ್ದೇನೆ. ಗೊತ್ತಿರುವವರು, ಅನುಭವಿಸಿದವರು ದಯವಿಟ್ಟು ಹೇಳಿ.

ಬಸವನಗುಡಿ ಓದುಗ

ಕಂತನ್ನು ತೆಗೆದಿದ್ದಕ್ಕೆ ಥ್ಯಾಂಕ್ಸ್. ನಾನು ಹದಿನಾರನೇ ವಯಸ್ಸಿನಿಂದ ಓಸಿಡಿ ಜೊತೆ ಇರುವವನು. ಈಗ 34. ನನ್ನ ಟೇಬಲ್ ನೋಡಿದರೆ ನಿಮಗೆ ನಂಬಿಕೆ ಬರುವುದಿಲ್ಲ. ಕಾಗದ, ಚಾರ್ಜರ್, ನಿನ್ನೆಯ ಕಾಫಿ ಲೋಟ, ಎಲ್ಲ ಅಲ್ಲೇ ಬಿದ್ದಿರುತ್ತವೆ. ನನ್ನದು ಶುಚಿತನದ ಕಾಯಿಲೆ ಅಲ್ಲ. ಅನುಮಾನದ ಕಾಯಿಲೆ.

ಒಂದು ಸಂಜೆಯ ಕಥೆ ಹೇಳುತ್ತೇನೆ. ಆಫೀಸಿನಿಂದ ಬರುವಾಗ ಹಂಪ್ ಮೇಲೆ ಸ್ಕೂಟರ್ ದಡಕ್ ಅಂತು. ದಿನಾ ದಾಟುವ ಹಂಪ್. ಅಲ್ಲಿ ಹಂಪ್ ಇದೆ ಅಂತ ನನಗೆ ಗೊತ್ತು. ಆದರೂ ತಲೆ ಕೇಳಿತು, ಅದು ಹಂಪೇ ಅಂತ ಹೇಗೆ ಗೊತ್ತು, ಯಾರಾದರೂ ಮಲಗಿದ್ದರೆ? ತಿರುಗಿಸಿಕೊಂಡು ಹೋಗಿ ನೋಡಿದೆ. ಯಾರೂ ಇಲ್ಲ. ಹೊರಟೆ. ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ, ಗುದ್ದಿದ ರಭಸಕ್ಕೆ ಚರಂಡಿಗೆ ಬಿದ್ದಿದ್ದರೆ? ಮತ್ತೆ ಹೋದೆ. ಮೊಬೈಲ್ ಟಾರ್ಚ್ ಹಾಕಿ ಚರಂಡಿಯೊಳಗೆ ಬಗ್ಗಿ ನೋಡುತ್ತಿದ್ದೆ. ಪಕ್ಕದ ಟೀ ಅಂಗಡಿಯವರು "ಏನ್ ಸರ್ ಬಿತ್ತು?" ಅಂದರು. ಮನೆ ಕೀ ಅಂದೆ. ಪಾಪ, ಅವರೂ ಹತ್ತು ನಿಮಿಷ ನನ್ನ ಜೊತೆ ಇಲ್ಲದ ಕೀ ಹುಡುಕಿದರು. ಅವತ್ತು ಇಪ್ಪತ್ತೈದು ನಿಮಿಷದ ದಾರಿಗೆ ಎರಡು ಗಂಟೆ ಹಿಡಿಯಿತು. ಮಾರನೇ ಬೆಳಿಗ್ಗೆ ಪೇಪರಿನಲ್ಲಿ ಅಪಘಾತದ ಸುದ್ದಿ ಇದೆಯಾ ಅಂತ ಹುಡುಕಿದೆ.

ಇದೆಲ್ಲ ಅರ್ಥವಿಲ್ಲದ್ದು ಅಂತ ನನಗೆ ಪೂರ್ತಿ ಗೊತ್ತಿತ್ತು. ಇದನ್ನು ನಿಮ್ಮ ಕಥೆಯಲ್ಲಿ ದಯವಿಟ್ಟು ತನ್ನಿ. ಗೊತ್ತಿದ್ದೂ ನಿಲ್ಲಿಸಲು ಆಗದೇ ಇರುವುದೇ ಅದರ ಹಿಂಸೆ.

ಪೆನ್ನು ಜೋಡಿಸುವುದೇ ಸುಳ್ಳು ಅಂತ ಅಲ್ಲ. ಹಾಗೆ ಜೋಡಿಸುವವರೂ ಇದ್ದಾರೆ. ಆದರೆ ಚಂದ ಕಾಣಲಿ ಅಂತ ಅಲ್ಲ. ಜೋಡಿಸದಿದ್ದರೆ ಅಮ್ಮನಿಗೆ ಏನೋ ಆಗಿಬಿಡುತ್ತದೆ ಅನ್ನುವ ಭಯಕ್ಕೆ, ಇಲ್ಲವೇ "ಈಗ ಸರಿಯಾಯಿತು" ಅನ್ನಿಸುವವರೆಗೆ ಕೈ ಬಿಡದೇ ಇರುವುದಕ್ಕೆ. ಪ್ರಣವ್ ಅದನ್ನು ತಮಾಷೆಗೆ ಕೆಡಿಸುವ ಜಾಗ ಓದುವಾಗ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು.

ಕರಾವಳಿ ಕನ್ನಡತಿ

ಮೇಲಿನದನ್ನು ಓದಿ ಸುಮ್ಮನೆ ಕೂತುಬಿಟ್ಟೆ.

ಒಂದು ಅನುಮಾನ. ನಮ್ಮ ಅಜ್ಜಿ ಮಡಿ ಅಂದರೆ ಮಡಿ. ಒದ್ದೆ ಸೀರೆ ಉಟ್ಟು ಅಡಿಗೆ, ಯಾರೂ ಮುಟ್ಟುವ ಹಾಗಿಲ್ಲ, ಮುಸುರೆ ಪಾತ್ರೆ ಬೇರೆ, ನೀರಿನ ಕೊಡ ಬೇರೆ. ಈಗ ನಮ್ಮ ಮನೆ ಮಕ್ಕಳೆಲ್ಲ "ಅಜ್ಜಿಗೆ ಓಸಿಡಿ ಇತ್ತು" ಅನ್ನುತ್ತಾರೆ. ಅದು ಹೌದಾ? ಕಥೆಯಲ್ಲಿ ಚಾರುವಿನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರೆ, ಅದಕ್ಕೇ ಕೇಳಿದೆ.

ತುಂಗಾತೀರ

ನಾನು ಮನಶ್ಶಾಸ್ತ್ರಜ್ಞೆ, ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಅಜ್ಜಿಯ ಪ್ರಶ್ನೆ ತುಂಬಾ ಒಳ್ಳೆಯದು, ಮೊದಲು ಅದಕ್ಕೇ ಬರುತ್ತೇನೆ.

ಮಡಿಗೆ ಒಂದು ಕಟ್ಟಳೆ ಇದೆ, ಒಂದು ಕೊನೆಯೂ ಇದೆ. ಸ್ನಾನ ಆಯಿತು, ಮಡಿಬಟ್ಟೆ ಉಟ್ಟಾಯಿತು, ಮುಗಿಯಿತು. ಅಜ್ಜಿ ಮಡಿ ಉಟ್ಟ ಮೇಲೆ "ನಾನು ನಿಜವಾಗಲೂ ಸ್ನಾನ ಮಾಡಿದೆನಾ" ಅಂತ ಕೇಳಿಕೊಂಡು ಮತ್ತೆ ಬಚ್ಚಲಿಗೆ ಹೋಗುತ್ತಿರಲಿಲ್ಲ ಅಲ್ವಾ? ಊಟ ಮಾಡಿ ನೆಮ್ಮದಿಯಾಗಿ ಮಲಗುತ್ತಿದ್ದರು. ಮಡಿ ಸರಿಯೋ ತಪ್ಪೋ, ಅದರ ಹಿಂದಿನ ಜಾತಿಯ ವಿಷಯ ಏನು, ಅದು ಬೇರೆಯೇ ದೊಡ್ಡ ಚರ್ಚೆ. ಆದರೆ ಅದು ಕಾಯಿಲೆ ಅಲ್ಲ. ಓಸಿಡಿಯಲ್ಲಿ "ಆಯಿತು" ಅನ್ನುವ ಗಂಟೆ ಹೊಡೆಯುವುದೇ ಇಲ್ಲ.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಮಡಿ ಇರುವ ಮನೆಯಲ್ಲಿ ಓಸಿಡಿ ಸುಲಭವಾಗಿ ಅಡಗಿಕೊಳ್ಳುತ್ತದೆ. ಸೊಸೆ ದಿನಕ್ಕೆ ಮೂರು ಸಲ ಸ್ನಾನ ಮಾಡಿದರೆ "ಎಷ್ಟು ಆಚಾರವಂತೆ" ಅಂತ ಹೊಗಳುತ್ತಾರೆ. ಅವಳ ಅಂಗೈ ಬಿರಿದು ರಕ್ತ ಬರುವವರೆಗೂ ಯಾರಿಗೂ ಅನುಮಾನ ಬರುವುದಿಲ್ಲ. ಚಾರುವಿನ ಅಜ್ಜಿಯನ್ನು ಹೀಗೆ ಬಳಸಿಕೊಳ್ಳಿ. ಅಜ್ಜಿ ಹೊಗಳುತ್ತಿರಲಿ, ಚಾರು ಒಳಗೇ ಬೇಯುತ್ತಿರಲಿ.

ಇನ್ನು ಕಾಯಿಲೆಯ ವಿಷಯ. ಬೇಡದ ಯೋಚನೆ ಎಲ್ಲರ ತಲೆಗೂ ಬರುತ್ತದೆ. ಬಾಲ್ಕನಿಯಲ್ಲಿ ಮಗು ಎತ್ತಿಕೊಂಡು ನಿಂತಾಗ "ಎಸೆದುಬಿಟ್ಟರೆ?" ಅಂತ ಒಂದು ಕ್ಷಣ ಹೊಳೆದು ಮೈ ಜುಮ್ಮೆನ್ನುವುದು ಎಷ್ಟೋ ಅಮ್ಮಂದಿರಿಗೆ ಗೊತ್ತು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ತೋರಿಸಿದರು: ರೋಗಿಗಳಿಗೆ ಬರುವಂಥ ಯೋಚನೆಗಳು ಕಾಯಿಲೆ ಇಲ್ಲದವರಿಗೂ ಬರುತ್ತವೆ. ಉಳಿದವರು "ಛೆ" ಅಂದು ಮುಂದೆ ಹೋಗುತ್ತಾರೆ. ಓಸಿಡಿ ಇರುವವರಿಗೆ ಆ ಯೋಚನೆ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. "ಇಂಥ ಯೋಚನೆ ಬಂತು ಅಂದರೆ ನಾನು ಎಂಥವಳು?" ಅಂತ ಶುರುವಾಗುತ್ತದೆ. ಆ ಸಂಕಟ ತಡೆಯಲಾರದೆ ಏನೋ ಒಂದು ಮಾಡುತ್ತಾರೆ. ತೊಳೆಯುವುದು, ಎಣಿಸುವುದು, ತಿರುಗಿ ನೋಡುವುದು, ಮನಸ್ಸಿನಲ್ಲೇ ದೇವರ ಹೆಸರು ಹನ್ನೊಂದು ಸಲ ಹೇಳುವುದು, ಯಾರನ್ನಾದರೂ ಕೇಳುವುದು. ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆ ಹಾಯೇ ಅಪಾಯ. ಮುಂದಿನ ಸಲ ಮನಸ್ಸು ಅದನ್ನೇ ಬೇಡುತ್ತದೆ.

ಕೆಟ್ಟ ಯೋಚನೆ ಬರುವುದು ಸಾಮಾನ್ಯವಾಗಿ ಅವರಿಗೆ ತುಂಬಾ ಮುಖ್ಯವಾದ ವಿಷಯದ ಮೇಲೇ. ದೈವಭಕ್ತರಿಗೆ ಗರ್ಭಗುಡಿಯ ಮುಂದೆ ಹೊಲಸು ಮಾತು ನೆನಪಾಗುತ್ತದೆ. ಮಗುವನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ತಾಯಿಗೆ ಚಾಕು ಕಂಡರೆ ಭಯ. ನಿಮ್ಮ ಚಾರುಗೆ ಯಾವುದು ಮುಖ್ಯ ಅಂತ ಮೊದಲು ಯೋಚಿಸಿ. ಅವಳ ಓಸಿಡಿ ಅಲ್ಲಿಂದ ಹುಟ್ಟಲಿ. ಸುಮ್ನೆ ಕೈ ತೊಳೆಸಬೇಡಿ.

ಚಿಕಿತ್ಸೆ ಇದೆ. ಇಆರ್‌ಪಿ ಅನ್ನುತ್ತೇವೆ, ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಭಯ ಹುಟ್ಟಿಸುವುದರ ಎದುರು ಸ್ವಲ್ಪ ಸ್ವಲ್ಪವಾಗಿ ನಿಲ್ಲುವುದು, ನಿಂತು ಆ ತೊಳೆಯುವ ಅಥವಾ ನೋಡುವ ಕೆಲಸ ಮಾಡದೇ ಇರುವುದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಮೇಲೆ ಮಾಡಿ ಬರೆದಿದ್ದರಿಂದ ಈ ದಾರಿ ತೆರೆಯಿತು. ಅದಕ್ಕೆ ಮುಂಚೆ ಇದು ಸರಿಹೋಗದ ಕಾಯಿಲೆ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಮಾತ್ರೆಯೂ ಇದೆ. ಖಿನ್ನತೆಗೆ ಕೊಡುವ ಮಾತ್ರೆಗಳೇ, ಆದರೆ ಇಲ್ಲಿ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕು, ಗುಣ ಕಾಣುವುದಕ್ಕೆ 8ರಿಂದ 12 ವಾರ ಹಿಡಿಯಬಹುದು. ಒಂದೇ ಕಂತಿನಲ್ಲಿ ಮುಗಿಯುವುದಿಲ್ಲ, ನೋಡಿ.

ಚಾರು ಬೆಂಗಳೂರಿಗೆ ಬಂದರೆ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಮೀಸಲಾದ ಕ್ಲಿನಿಕ್ ಇದೆ. ಊರಲ್ಲೇ ಕೂತು ಮಾತಾಡಬೇಕು ಅಂದರೆ 14416, ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಆ ಓದುಗರ ತಂಗಿಗೂ ಈ ನಂಬರ್ ದಯವಿಟ್ಟು ತಿಳಿಸಿ.

ಭಾನುವಾರದ ಓದು

ನಾನು ಬೇರೆ ಥರ ಯೋಚಿಸುವವಳು, ತಪ್ಪು ತಿಳಿಯಬೇಡಿ. ಪ್ರೇಮಕಥೆ ಓದುವುದು ನನಗೆ ಉಸಿರಾಡುವುದಕ್ಕೆ. ಇಡೀ ವಾರ ಅತ್ತೆಯವರ ಆಸ್ಪತ್ರೆ ಓಡಾಟ. ಭಾನುವಾರ ಮಧ್ಯಾಹ್ನ ಒಂದು ಗಂಟೆ ನನ್ನದು. ಅಲ್ಲೂ ಮಾತ್ರೆ, ಡೋಸ್, ವಾರಗಳ ಲೆಕ್ಕ ಬಂದರೆ ನಾನೆಲ್ಲಿಗೆ ಹೋಗಲಿ? ಪ್ರೀತಿಯಿಂದ ಒಂದಿಷ್ಟು ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ ಬೇಡವಾ?

ಅಡಿಕೆ ಚಪ್ಪರ

ಬೇಕು ಮೇಡಂ. ನಾನು ಆ ನಂಬಿಕೆಯ ಮೇಲೇ ಸಂಸಾರ ಮಾಡುತ್ತಿರುವವನು. ಆದರೆ ಯಾವ ಥರದ ಪ್ರೀತಿ ಅಂತ ಕಲಿಯುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ. ಮಳೆಗಾಲಕ್ಕೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಹೊಡೆಯಬೇಕು. ಮೈಲುತುತ್ತ, ಸುಣ್ಣ ಕಲಸಿ ಮಾಡುವುದು. ಮೈಮೇಲೆಲ್ಲ ನೀಲಿ ಕಲೆ. ಮಗಳು ಹುಟ್ಟಿದ ವರ್ಷ ನನ್ನ ಹೆಂಡತಿಗೆ ಶುರುವಾಯಿತು. ಆ ಮೈಲುತುತ್ತ ನನ್ನ ಕೈಯಿಂದ ಬಾಗಿಲಿಗೆ, ಬಾಗಿಲಿಂದ ಅವಳ ಕೈಗೆ, ಅವಳ ಕೈಯಿಂದ ಮಗುವಿನ ಬಾಯಿಗೆ ಹೋಗಿಬಿಟ್ಟರೆ? ಮೊದಲು ಅಂಗಳದಲ್ಲೇ ಕಾಲು ತೊಳೆದು ಬನ್ನಿ ಅಂದಳು. ಸರಿ. ಆಮೇಲೆ ಬಟ್ಟೆ ಕೊಟ್ಟಿಗೆಯಲ್ಲೇ ಬಿಚ್ಚಿ ಬನ್ನಿ. ಸರಿ. ಆಮೇಲೆ ತೋಟಕ್ಕೆ ಹೋಗದ ದಿನವೂ ಸ್ನಾನ. ಸರಿ. ಬೇಸಿಗೆಯಲ್ಲೂ, ಬೋರ್ಡೋ ಡ್ರಮ್ ಒಣಗಿ ಮೂಲೆಯಲ್ಲಿದ್ದಾಗಲೂ, ಸರಿ. ಪ್ರೀತಿ ಅಂದರೆ ಇದೇ ಅಂದುಕೊಂಡಿದ್ದೆ. ಅವಳು ಸಂಕಟಪಡುವುದು ನೋಡಲಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಆ ಪ್ರಶ್ನೆ. "ರೀ, ಆ ಕೈಯಲ್ಲಿ ಬಾಗಿಲು ಮುಟ್ಟಿಲ್ಲ ತಾನೇ?" ಇಲ್ಲ ಮಾರಾಯ್ತಿ. ಐದು ನಿಮಿಷ ಬಿಟ್ಟು, "ನಿಜವಾಗಲೂ?" ನಿಜವಾಗಲೂ. ರಾತ್ರಿ ದೀಪ ಆರಿಸಿದ ಮೇಲೆ, "ಒಂದೇ ಒಂದು ಸಲ ಹೇಳಿಬಿಡಿ, ಮಲಗುತ್ತೇನೆ." ಮನೋವೈದ್ಯರು ಒಂದು ವಾರ ಲೆಕ್ಕ ಬರೆಯಿರಿ ಅಂದರು. ಒಂದು ದಿನ 41 ಆಯಿತು. ಆವಾಗ ಅವರು ಹೇಳಿದ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಅವಳು ಕೈ ತೊಳೆಯುವುದೂ ನೀವು "ಇಲ್ಲ" ಅನ್ನುವುದೂ ಎರಡೂ ಒಂದೇ ಅಂದರು. ಸೋಪಿನ ಬದಲು ನಾನಿದ್ದೆ.

ಮೂವರೂ ಕೂತು ಒಂದು ಉತ್ತರ ಗೊತ್ತು ಮಾಡಿದೆವು. ಅವಳೂ ಒಪ್ಪಿದಳು, ಅವಳು ಒಪ್ಪದೆ ನಾನಾಗಿ ನಿಲ್ಲಿಸಿದ್ದಲ್ಲ. "ಇದು ಓಸಿಡಿ ಕೇಳುತ್ತಿರುವುದು, ಇದಕ್ಕೆ ಉತ್ತರ ಕೊಡಲ್ಲ, ನಿನ್ನ ಜೊತೆ ಕೂತಿರ್ತೀನಿ." ಅಷ್ಟೇ. ಮೊದಲ ರಾತ್ರಿ ಜಗಲಿ ಮೇಲೆ ಕೂತಿದ್ದೆವು. ಮಗಳು ಮಲಗಿದ್ದಳು. ಹೊರಗೆ ಜಿರಾಪತಿ ಮಳೆ. ಅವಳು ಕೇಳಿದಳು, ನಾನು ಆ ಮಾತು ಹೇಳಿದೆ. ಮತ್ತೆ ಕೇಳಿದಳು. ಅತ್ತಳು. "ನಿಮಗೆ ನನ್ನ ಮೇಲೆ ಒಂಚೂರೂ ಪ್ರೀತಿ ಇಲ್ಲ" ಅಂದಳು. "ಬಾಗಿಲು ಮುಟ್ಟಿಲ್ಲ" ಅನ್ನುವ ಒಂದು ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಅಂದುಬಿಟ್ಟರೆ ಆ ಕ್ಷಣ ಎಲ್ಲ ಸರಿಹೋಗುತ್ತಿತ್ತು. ಎಂಟು ಗಂಟೆಯಿಂದ ಒಂಬತ್ತೂವರೆವರೆಗೆ ಬಾಯಿ ಬಿಗಿ ಹಿಡಿದು ಅವಳ ಪಕ್ಕ ಕೂತಿದ್ದೆ. ನನ್ನ ಜೀವನದಲ್ಲಿ ನಾನು ಯಾರಿಗಾದರೂ ತೋರಿಸಿದ ದೊಡ್ಡ ಪ್ರೀತಿ ಅದು.

ಮೇಡಂ, ನಿಮ್ಮ ಭಾನುವಾರದ ಓದಿಗೆ ಇದು ಭಾರ ಆಗುತ್ತಾ?

ಭಾನುವಾರದ ಓದು

ಇಲ್ಲ. ಎರಡು ಸಲ ಓದಿದೆ. ಇಂಥ ದೃಶ್ಯ ನಾನು ಯಾವ ಪ್ರೇಮಕಥೆಯಲ್ಲೂ ಓದಿಲ್ಲ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರೀತಿಯಿಂದ ಒಳ್ಳೆಯದಾಗಲಿ ಅಂತಲೇ ಈಗಲೂ ಹೇಳುತ್ತೇನೆ. ಆ ಪ್ರೀತಿ ಹೀಗೂ ಇರಬಹುದು ಅಂತ ಗೊತ್ತಿರಲಿಲ್ಲ.

ಒಂದು ನೆನಪಾಯಿತು. ತ್ರಿವೇಣಿಯವರ ಶರಪಂಜರ. 1971ರಲ್ಲಿ ಪುಟ್ಟಣ್ಣನವರು ಸಿನಿಮಾ ಮಾಡಿದರಲ್ಲ, ಕಲ್ಪನಾ ಅವರದು. ಬಾಣಂತನದ ಮೇಲೆ ಕಾವೇರಿಗೆ ಬುದ್ಧಿ ಕೆಡುತ್ತದೆ. ಆದರೆ ಕರುಳು ಹಿಂಡುವುದು ಕಾಯಿಲೆಯ ಭಾಗ ಅಲ್ಲ, ಗುಣವಾಗಿ ಮನೆಗೆ ಬಂದ ಮೇಲಿನದು. ಗಂಡ, ಮನೆಯವರು, ನೆರೆಹೊರೆ ಅವಳನ್ನು ನೋಡುವ ರೀತಿ. ಚಾರುವಿನ ವಿಷಯ ಪ್ರಣವ್ ಮನೆಯಲ್ಲಿ ಗೊತ್ತಾದಾಗ ಏನಾಗುತ್ತದೆ? ನೀಲಿಶಾಯಿಯವರು ಇದನ್ನು ಮುಟ್ಟಿಯೇ ಇಲ್ಲ. ನಮ್ಮಲ್ಲಿ ಜಾತಕ ಕೊಡುವಾಗ ಮಾತ್ರೆ ಚೀಟಿ ಬಚ್ಚಿಡುವ ಮನೆ ಎಷ್ಟಿಲ್ಲ?

ಮೈಸೂರು ಮಲ್ಲಿಗೆ

ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಯಾರೂ ಹೇಳದೇ ಇರುವ ಒಂದು ಥರ ಇದೆ. ನನ್ನ ಓಸಿಡಿ ಪ್ರೀತಿಯ ಮೇಲೇ ಬಂತು.

ನಿಶ್ಚಿತಾರ್ಥ ಆಗಿ ಒಂದು ವಾರ. ನಾನೇ ಇಷ್ಟಪಟ್ಟ ಹುಡುಗ, ಮೂರು ವರ್ಷದ ಪರಿಚಯ. ಹೂವು ಕಟ್ಟುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ, "ನನಗೆ ಇವನು ನಿಜವಾಗಲೂ ಇಷ್ಟವಾ?" ಅಂತ ಬಂತು. ಬಂದಿದ್ದು ಹೋಗಲೇ ಇಲ್ಲ. ಅವನ ಫೋಟೋ ತೆಗೆದು ನೋಡುವುದು, ಎದೆ ಬಡಿತ ಜೋರಾಯಿತಾ ಅಂತ ಪರೀಕ್ಷೆ ಮಾಡುವುದು. ಆಗಲಿಲ್ಲ ಅಂದರೆ ಬೆವರು. ಅವನು ನಕ್ಕಾಗ ಹಲ್ಲಿನ ಸಂದಿ ಕಂಡರೆ, ಇದು ನನಗೆ ಹಿಡಿಸುತ್ತಾ, ಹಿಡಿಸದಿದ್ದರೆ ಮದುವೆ ಮಾಡಿಕೊಂಡು ಮೋಸ ಮಾಡುತ್ತಿದ್ದೀನಾ ಅಂತ ರಾತ್ರಿಯೆಲ್ಲ. ಅಕ್ಕನ ಹತ್ತಿರ ದಿನಕ್ಕೆ ಹತ್ತು ಸಲ, "ನಿಂಗೆ ಭಾವ ಇಷ್ಟ ಅಂತ ಹೇಗೆ ಗೊತ್ತಾಯ್ತು?" ಇಂಟರ್‌ನೆಟ್ಟಿನಲ್ಲಿ "ನಿಜವಾದ ಪ್ರೀತಿಯ ಲಕ್ಷಣ" ಅಂತ ಸಿಕ್ಕಿದ್ದೆಲ್ಲ ಓದಿದೆ.

ಪ್ರೇಮಕಥೆಗಳು ನನಗೆ ಆ ಸಮಯದಲ್ಲಿ ವಿಷ ಆಗಿದ್ದವು. ಪ್ರತಿಯೊಂದರಲ್ಲೂ ನಾಯಕಿಗೆ "ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ". ನನಗೆ ಕ್ಷಣ ಕ್ಷಣಕ್ಕೂ ಅನುಮಾನ. ಹಾಗಾದರೆ ಇದು ಪ್ರೀತಿ ಅಲ್ಲ ಅಂತ ತೀರ್ಮಾನ ಮಾಡಿ ಮದುವೆ ನಿಲ್ಲಿಸುವ ಮಾತೂ ಆಡಿದೆ. ಡಾಕ್ಟರ್ ಹತ್ತಿರ ಹೋದ ಮೇಲೆ ಗೊತ್ತಾಗಿದ್ದು, ಇದಕ್ಕೂ ಹೆಸರಿದೆ, ಸಂಬಂಧದ ಓಸಿಡಿ ಅಂತ.

ನೀಲಿಶಾಯಿ ಅಕ್ಕಾ, ಚಾರುಗೆ ಪ್ರಣವ್ ಬಗ್ಗೆ ಒಮ್ಮೆಯಾದರೂ ಅನುಮಾನ ಬರಲಿ. ಆ ಅನುಮಾನ ಪೂರ್ತಿ ಬಗೆಹರಿಯದೆ ಅವಳು ಅವನ ಜೊತೆ ಚಹಾ ಕುಡಿಯಲಿ. ನನ್ನ ಮದುವೆ ಆಗಿ ಐದು ವರ್ಷ ಆಯಿತು. ಪ್ರಶ್ನೆ ಈಗಲೂ ಆಗಾಗ ಬರುತ್ತದೆ.

ಹಟ್ಟಿ ಡಾಕ್ಟರ್

ನಾನು ಪಶುವೈದ್ಯ, ಓಸಿಡಿ ಬಗ್ಗೆ ಹೆಚ್ಚು ತಿಳಿಯದು. ಆದರೆ 22ನೇ ಕಂತಿನ ಆ ಕೈ ಬಗ್ಗೆ ಹೇಳಲೇಬೇಕು. ಕರು ಹಾಕಿಸುವಾಗ ನಾವು ಭುಜದವರೆಗೆ ಗ್ಲೌಸ್ ಹಾಕುತ್ತೇವೆ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ದನಗಳಿಂದ ಮನುಷ್ಯರಿಗೂ ಬರುತ್ತದೆ. ಆ ಕೈಯನ್ನು ಹಾಗೇ ಯಾರಿಗೂ ಕೊಡಬಾರದು. ಚಾರು ಹಿಂದೆ ಸರಿದಿದ್ದರೆ ಅದು ಕಾಯಿಲೆ ಅಲ್ಲ, ಬುದ್ಧಿವಂತಿಕೆ.

ತುಂಗಾತೀರ

ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ, ನನಗೆ ಹೊಳೆದೇ ಇರಲಿಲ್ಲ. ಇಆರ್‌ಪಿ ಅಂದರೆ ಯಾರೂ ಮಾಡದ ಅಪಾಯದ ಕೆಲಸ ಮಾಡಿಸುವುದಲ್ಲ. ಎಲ್ಲರೂ ದಿನಾ ಮಾಡುವುದನ್ನು ಮತ್ತೆ ಮಾಡುವ ಹಾಗೆ ಮಾಡುವುದು. ಇದ್ದಕ್ಕಿದ್ದ ಹಾಗೆ ಒಬ್ಬರನ್ನು ಕೆಸರಿಗೆ ಎಳೆಯುವುದೂ ಚಿಕಿತ್ಸೆ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಅವರೇ ಒಪ್ಪಿ ಹತ್ತಬೇಕು.

ನೀಲಿಶಾಯಿ

ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡೆ. ಹಸು, ಕರು, ಪೆನ್ನು ಎಲ್ಲ ತೆಗೆದಿದ್ದೇನೆ. ಚಾರುಗೆ ಮುಖ್ಯವಾದದ್ದು ಯಾವುದು ಅಂತ ಯೋಚಿಸಿದೆ. ಅವಳಿಗೆ ಪ್ರಾಮಾಣಿಕತೆ ಮುಖ್ಯ. ಅವಳ ಭಯ, ಪಿಂಚಣಿ ತೆಗೆಯಲು ಬಂದ ಮುದುಕರೊಬ್ಬರಿಗೆ 500 ರೂಪಾಯಿ ಕಡಿಮೆ ಕೊಟ್ಟಿದ್ದರೆ, ಅದರಿಂದ ಅವರು ಔಷಧಿ ತಗೊಳ್ಳದೆ ಸತ್ತರೆ, ಅನ್ನುವುದು. ಸಂಜೆ ಕ್ಯಾಷ್ ಟ್ಯಾಲಿ ಆಗಿರುತ್ತದೆ, ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಆದರೂ. 31ನೇ ಕಂತಿನ ಒಂದು ತುಣುಕು ಹಾಕುತ್ತಿದ್ದೇನೆ, ಅಷ್ಟು ಹೊತ್ತಿಗೆ ಚಾರು ನಾಲ್ಕು ತಿಂಗಳಿಂದ ಚಿಕಿತ್ಸೆಯಲ್ಲಿದ್ದಾಳೆ:

*"ಟ್ಯಾಲಿ ಆಯ್ತು ಅಲ್ವಾ?" ಚಾರು ಕೇಳಿದಳು. ಪ್ರಣವ್ ಬೈಕಿನ ಮೇಲೆ ಕೂತೇ ಇದ್ದ. ಮಳೆ ನೀರು ಹೆಲ್ಮೆಟ್ಟಿನಿಂದ ಮೂಗಿಗೆ ಇಳಿಯುತ್ತಿತ್ತು. "ನೀವು ಹ್ಞೂಂ ಅನ್ನಿ ಸಾಕು. ಒಂದ್ಸಲ." ಅವನು ಅನ್ನಲಿಲ್ಲ. ಬೈಕಿನಿಂದ ಇಳಿದ, ಸ್ಟ್ಯಾಂಡ್ ಹಾಕಿದ, ಬ್ಯಾಂಕಿನ ಮೆಟ್ಟಿಲ ಮೇಲೆ ಅವಳ ಪಕ್ಕ ಬಂದು ಕೂತ. "ಉತ್ತರ ಕೊಡಲ್ಲ ಅಂತ ಮಾತಾಗಿದೆ," ಅಂದ. "ಎಷ್ಟು ಹೊತ್ತಾದ್ರೂ ಕೂತಿರ್ತೀನಿ." ಬೀಗ ಹಾಕಿದ ಶಟರ್ ಕಡೆ ಅವಳು ತಿರುಗಿ ನೋಡಿದಳು. ಎದುರಿನ ಬೇಕರಿಯ ದೀಪ ಆರಿತು. ಕೊನೆಗೆ ಅವಳೇ ಎದ್ದಳು. ಮನಸ್ಸು ಹಗುರವಾಗಿತ್ತು.*

ಅಡಿಕೆ ಚಪ್ಪರ

"ಉತ್ತರ ಕೊಡಲ್ಲ ಅಂತ ಮಾತಾಗಿದೆ." ನನ್ನ ಹೆಂಡತಿಗೆ ಓದಿ ಹೇಳಿದೆ. ಅವನು ಒಳಗೆ ಎಷ್ಟು ಒದ್ದಾಡಿದ ಅಂತಲೂ ಬರೆಯಲಿ ಅಂದಳು. ಸುಮ್ಮನೆ ಕೂತವನು ಕಲ್ಲಲ್ಲ ಅಂತ ಅವಳಿಗೆ ಆ ರಾತ್ರಿ ಗೊತ್ತಿರಲಿಲ್ಲವಂತೆ.

ಬಸವನಗುಡಿ ಓದುಗ

ಚೆನ್ನಾಗಿದೆ ಅಂತ ಮಾತ್ರ ಹೇಳಿದರೆ ಸಾಲದು, ಗಂಟಲು ತುಂಬಿ ಬಂತು. ಒಂದೇ ಒಂದು ವಾಕ್ಯ ಬದಲಿಸಿ. "ಮನಸ್ಸು ಹಗುರವಾಗಿತ್ತು" ಅನ್ನುವುದು. ಆ ರಾತ್ರಿ ಹಗುರ ಆಗುವುದಿಲ್ಲ. ಪ್ರಶ್ನೆ ಜೊತೆಗೇ ಬರುತ್ತದೆ. ಅದನ್ನು ಇಟ್ಟುಕೊಂಡೇ ಮನೆಗೆ ಹೋಗುತ್ತೇವೆ, ಇಟ್ಟುಕೊಂಡೇ ಊಟ ಮಾಡುತ್ತೇವೆ. ಮೊದಲನೇ ಸಲ ಹಂಪ್ ದಾಟಿ ತಿರುಗಿ ನೋಡದೆ ಮನೆಗೆ ಬಂದ ದಿನ ನನಗೆ ಖುಷಿ ಆಗಲಿಲ್ಲ, ಕೈ ನಡುಗುತ್ತಿತ್ತು. ಅಮ್ಮ ಮುದ್ದೆ ಬಡಿಸಿದರು, ತಿಂದೆ.

ನೀಲಿಶಾಯಿ

ಬದಲಿಸಿದೆ. ಈಗ ಹೀಗಿದೆ: *ಕೊನೆಗೆ ಅವಳೇ ಎದ್ದಳು. 500 ರೂಪಾಯಿಯ ಪ್ರಶ್ನೆ ಅಲ್ಲೇ ಇತ್ತು. "ಹಸಿವಾಗ್ತಿದೆ," ಅಂದಳು.*

ಪ್ರಣವ್ ಒಳಗಿನ ಒದ್ದಾಟಕ್ಕೆ ಇನ್ನೂ ಎರಡು ಸಾಲು ಹುಡುಕುತ್ತಿದ್ದೇನೆ. ಮೊದಲ ಓದಿಗೆ ಆ ಅಕ್ಕನಿಗೆ ಕಳುಹಿಸಿದ್ದೇನೆ, 14416 ನಂಬರ್ ಜೊತೆಗೆ. ತಂಗಿ ಓದುತ್ತಿದ್ದಾಳೆ ಅಂತ ಈಗಷ್ಟೇ ಮೆಸೇಜ್ ಬಂತು.